ಕೌದಿ ಹೊದ್ದ ಬ್ಯಾಟರಿ

ಐವತ್ತೆಂಟನೇ ವಯಸ್ಸಿಗೆ ಸುಂದರಾಬಾಯಿಗೆ ರೆಕ್ಕೆ ಮೂಡಿದ್ದು ಒಂದು ನೀಲಿ ಎಲೆಕ್ಟ್ರಿಕ್ ಸ್ಕೂಟರಿನಿಂದ. ಸೆರಗು ಸೊಂಟಕ್ಕೆ ಸಿಗಿಸಿ ಅವರು ಕುಷಾಯಿಗೂಡದ ಗಲ್ಲಿಗಳಲ್ಲಿ ಸದ್ದಿಲ್ಲದೆ ಸುಳಿದು ಹೋದರೆ ತರಕಾರಿಯವನಿಂದ ಹಿಡಿದು ಗುಡಿಯ ಅರ್ಚಕರವರೆಗೆ ಎಲ್ಲರೂ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ಅವರಿಗೂ ಬೇರೆ ಕೆಲಸವೇನಿದೆ!

ಈ ಜನವರಿಯಲ್ಲಿ ಊರಿನ ಇನ್ನೊಂದು ತುದಿಯ ನಾಂಪಲ್ಲಿಯ ವಸ್ತುಪ್ರದರ್ಶನದಲ್ಲಿ ಅವರ ಮಹಿಳಾ ಸಂಘ ಜೋಳದ ರೊಟ್ಟಿಯ ಮಳಿಗೆ ಹಾಕಿತ್ತು. ದಿನ ಬಿಟ್ಟು ದಿನ, ಸಂಜೆ ಏಳರವರೆಗೆ ಬಿಸಿ ರೊಟ್ಟಿ ಬಡಿಯುವ ಪಾಳಿ ಸುಂದರಾಬಾಯಿಯದು. ಹೋಗಿ ಬರಲು ಮೂವತ್ತೈದು ಕಿಲೋಮೀಟರು. ಹೊಸದರಲ್ಲಿ ಒಂದೇ ಚಾರ್ಜಿಗೆ ಅರವತ್ತು ಓಡುತ್ತಿದ್ದ ಸ್ಕೂಟರು ಮೊದಲ ದಿನವೇ ವಾಪಸು ಬರುವಾಗ ನಡುದಾರಿಯ ತಾರ್ನಾಕಾದಲ್ಲಿ ಕೈಕೊಟ್ಟಿತು. ಹಂಚು, ಹಿಟ್ಟಿನ ಡಬ್ಬಿ, ಸ್ಕೂಟರು, ಸುಂದರಾಬಾಯಿ, ಎಲ್ಲವೂ ಟ್ರಾಲಿ ಆಟೋದಲ್ಲಿ ಮನೆ ಸೇರಬೇಕಾಯಿತು.

ಗಂಡ ಸಿದ್ದರಾಮಪ್ಪ ಗೇಟಿನಲ್ಲೇ ತೀರ್ಪು ಕೊಟ್ಟರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಾಕಿಟಾಕಿಯ ಬ್ಯಾಟರಿ ಪರೀಕ್ಷೆ ಮಾಡಿ ನಿವೃತ್ತರಾದವರು, ಅವರ ಮಾತಿಗೆ ಎದುರಾಡುವವರು ಯಾರು?

"ಬ್ಯಾಟರಿ ಮುದಿ ಆಗೇತಿ. ಮೀಟರಿನ್ಯಾಗ ಬೆಳಿಗ್ಗಿ ಐದು ಗೆರಿ ತೋರಸೋದು ಈಗ ಮೂರೇ ತೋರಸ್ತೈತಿ. ಬಾಜೂ ಮನಿ ಚನ್ನಬಸಪ್ಪ ಗಾಡಿ ಕೇಳಾಕತ್ತಾನ, ಕೊಟ್ಟುಬಿಡೋಣು."

"ನಾ ಹೆಂಗ ಹೋಗ್ಲಿರಿ ನಾಂಪಲ್ಲಿಗೆ?"

"ಬಸ್ಸಿಲ್ಲೇನು?"

ಹತ್ತು ಕಿಲೋ ಹಿಟ್ಟು, ಕಬ್ಬಿಣದ ಹಂಚು ಹೊತ್ತು ಎರಡು ಬಸ್ಸು ಹತ್ತಿ ಇಳಿಯುವುದು ಆಗದ ಮಾತು. ಅದಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಪ್ರತಿ ಸಣ್ಣ ಕೆಲಸಕ್ಕೂ ಯಾರೋ ಕರೆದುಕೊಂಡು ಹೋಗಲಿ ಎಂದು ಕಾಯುತ್ತ ಕೂರಬೇಕಲ್ಲ ಎಂದು ಸುಂದರಾಬಾಯಿಗೆ ಅಳುವೇ ಬಂತು. "ಒಂದ್ಸಲ ಲಹರಿಗೆ ತೋರಿಸಿ ನೋಡೋಣ್ರಿ" ಎಂದು ಹಟ ಹಿಡಿದರು.

ಲಹರಿ ರಾಯಚೂರು ಕಡೆಯವಳು. ಬಸ್ ಡಿಪೋ ಹಿಂದೆ ಅವಳದೇ ರಿಪೇರಿ ಅಂಗಡಿ. ಮರುದಿನ ಚೀಲದಲ್ಲಿ ಹೊತ್ತು ತಂದ ಬ್ಯಾಟರಿಗೆ ವೈರು ಸಿಕ್ಕಿಸಿ ಬಹಳ ಹೊತ್ತು ನೋಡಿದಳು.

"ಬ್ಯಾಟರಿ ಗಟ್ಟಿಮುಟ್ಟ ಐತ್ರಿ ಕಾಕಾ. ಆದ್ರ ಎರಡು ತಿಂಗಳಿಂದ ಒಂದು ದಿನಾನೂ ಇದರ ಹೊಟ್ಟಿ ತುಂಬಿಲ್ಲ. ಮನ್ಯಾಗ ಹೆಂಗ ಚಾರ್ಜ್ ಮಾಡ್ತೀರಿ?"

ಸಿದ್ದರಾಮಪ್ಪ ಎದೆ ಸೆಟೆಸಿದರು. "ಕಡೀ ಗೆರಿ ಆರೂ ತನಕ ಚಾರ್ಜಿಗೆ ಹಚ್ಚೂದೇ ಇಲ್ಲ. ಪೂರಾ ಖಾಲಿ ಮಾಡಬೇಕು, ಆಮ್ಯಾಲೆ ತುಂಬಬೇಕು. ಕಾರ್ಖಾನ್ಯಾಗ ಮೂವತ್ತು ವರ್ಷದ ಪದ್ಧತಿ ನಂದು."

"ಆಮ್ಯಾಲೆ?" ಲಹರಿ ಸುಂದರಾಬಾಯಿಯ ಕಡೆ ತಿರುಗಿದಳು.

"ಆಮ್ಯಾಲೆ… ಈ ಸಲ ರಾತ್ರಿ ಥಂಡಿ ಭಾಳ ಐತಲ್ಲವ್ವ. ಅದಕ್ಕ ಕೌದಿ ಹೊಚ್ಚತೀನಿ. ಎರಡು. ಬಾಣಂತಿಗೆ ಹೊಚ್ಚಿದಂಗ, ಗಾಳಿ ಹೋಗಬಾರದು ಅಂತ."

ಲಹರಿ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಳಿತಳು. ಚಾರ್ಜ್ ಆಗುವಾಗ ಬ್ಯಾಟರಿ ತಾನೇ ಬೆಚ್ಚಗಾಗುತ್ತದೆ, ಮೇಲೆ ಕೌದಿ ಬಿದ್ದರೆ ಕಾವು ಹೊರಗೆ ಹೋಗದೆ, ಸುಡುವುದಕ್ಕಿಂತ ಅರೆಹೊಟ್ಟೆ ವಾಸಿ ಎಂದು ನಡುವೆಯೇ ಚಾರ್ಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ ಎಂದು ಬಿಡಿಸಿ ಹೇಳಿದಳು. ಸುಂದರಾಬಾಯಿ ನಾಚಿಕೆಯಿಂದ ಹಿಡಿಯಾದರೆ, ಸಿದ್ದರಾಮಪ್ಪ ಅಂಗಡಿ ಹಾರಿಹೋಗುವಂತೆ ನಕ್ಕರು.

"ನಗಬ್ಯಾಡ್ರಿ ಕಾಕಾ. ನಿಮ್ಮ ಪದ್ಧತಿನೂ ತಪ್ಪೈತಿ. ಕಾರ್ಖಾನ್ಯಾಗಿನವು ಹಳೇ ನಮೂನಿ ಬ್ಯಾಟರಿ. ಇದನ್ನ ಖಾಲಿ ಮಾಡಿದಷ್ಟೂ ಲಗೂನ ಸವೀತೈತಿ. ಎರಡು ಗೆರಿ ಇರೂವಾಗನ ಹಚ್ಚಿಬಿಡ್ರಿ."

ನಗು ನಿಂತಿತು. ಸಿದ್ದರಾಮಪ್ಪನವರ ಮುಖ ನೋಡಿ ಸುಂದರಾಬಾಯಿಗೆ ತಮ್ಮ ನಾಚಿಕೆಯೇ ಮರೆತುಹೋಯಿತು. ಬ್ಯಾಟರಿಯ ವಿಷಯದಲ್ಲಿ ಈ ಮನುಷ್ಯ ಮೇಲಧಿಕಾರಿಗಳ ಮಾತನ್ನೂ ಕೇಳಿದವರಲ್ಲ. ಇನ್ನೇನು ಸಿಡುಕಿ ಎದ್ದು ಹೋಗುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಅವರು ಜೇಬಿನಿಂದ ಪೆನ್ನು ತೆಗೆದರು.

"ಹೇಳವ್ವ, ಬರಕೊಂತೀನಿ."

ಮಗಳ ವಯಸ್ಸಿನವಳ ಎದುರು ತಲೆ ಬಗ್ಗಿಸಿ ಬರೆಯುತ್ತಿದ್ದ ಗಂಡನನ್ನು ಕಂಡು ಸುಂದರಾಬಾಯಿಗೆ ಮದುವೆಯಾದ ಹೊಸದರಲ್ಲೂ ಹುಟ್ಟದಷ್ಟು ಪ್ರೀತಿ ಹುಟ್ಟಿತು. ಆದರೂ ಹೊರಗೆ ಬಂದ ಮೇಲೆ ಸಿದ್ದರಾಮಪ್ಪ ತಮ್ಮ ಪಟ್ಟು ಪೂರ್ತಿ ಬಿಡಲಿಲ್ಲ. "ನಾಳೆ ಹೋಗಿ ಬಂದ್ರ ಗಾಡಿ ನಿಂದು. ನಡುದಾರ್ಯಾಗ ನಿಂತ್ರ ಚನ್ನಬಸಪ್ಪಂದು. ರಾತ್ರಿ ಎಂಟಕ್ಕ ಬಾ ಅಂತ ಅವಂಗ ಹೇಳತೀನಿ."

ಅಂದು ಬ್ಯಾಟರಿ ಬರೀ ಹಾಸುಗಲ್ಲಿನ ಮೇಲೆ, ಕಿಟಕಿಯ ಗಾಳಿಗೆ ಮೈಯೊಡ್ಡಿ ಕುಳಿತು ಚಾರ್ಜ್ ಆಯಿತು. ಬೆಳಿಗ್ಗೆ ಐದೂ ಗೆರೆ ಬೆಳಗಿದವು. ಮಧ್ಯಾಹ್ನ ಸುಂದರಾಬಾಯಿ ಹೊರಟು ನಿಂತರೆ, ಸ್ಕೂಟರು ತಂದು ಎರಡು ವರ್ಷವಾದರೂ ಹೆಂಡತಿಯ ಹಿಂದೆ ಒಮ್ಮೆಯೂ ಕೂರದ ಸಿದ್ದರಾಮಪ್ಪ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಕುಳಿತರು. "ನಿಂತ್ರ ತಳ್ಳಾಕ ಒಬ್ಬರು ಬೇಕಲ್ಲ!"

ನಾಂಪಲ್ಲಿಯಲ್ಲಿ ರೊಟ್ಟಿ ಬಡಿಯುವಾಗಲೂ ಸುಂದರಾಬಾಯಿಗೆ ಗೆರೆಗಳದೇ ಚಿಂತೆ. ವಾಪಸು ಬರುವಾಗ ದಾರಿಯುದ್ದಕ್ಕೂ ಕಣ್ಣು ಮೀಟರಿನ ಮೇಲೆಯೇ ಇತ್ತು. ಆಗ ಹಿಂದಿನಿಂದ ಕೂಗು ಕೇಳಿಸಿತು: "ತಾರ್ನಾಕಾ ದಾಟಿತಲೇ!" ಪಕ್ಕದ ಆಟೋದವನು ಗಾಬರಿಯಾಗಿ ನೋಡಿದ. ಸುಂದರಾಬಾಯಿ ಗಟ್ಟಿಯಾಗಿ ನಕ್ಕುಬಿಟ್ಟರು.

ಮನೆ ಮುಟ್ಟಿದಾಗ ಎರಡು ಗೆರೆ ಉಳಿದಿದ್ದವು. ಗೇಟಿನ ಬಳಿ ಚನ್ನಬಸಪ್ಪ ಕಾಯುತ್ತ ನಿಂತಿದ್ದ.

"ಗಾಡಿ ಕೊಡೂದಿಲ್ಲೋ" ಎಂದರು ಸಿದ್ದರಾಮಪ್ಪ.

"ಬ್ಯಾಟರಿ ಮುದಿ ಆಗೇತಿ ಅಂದಿದ್ರಲ್ಲರಿ?"

"ಬ್ಯಾಟರಿ ಅಲ್ಲಪಾ, ನನ್ನ ತಲಿ ಮುದಿ ಆಗಿತ್ತು."

ಸುಂದರಾಬಾಯಿ ಹಿಂದಕ್ಕೆ ತಿರುಗಿದರು. "ಇಳೀರಿ, ಮನಿ ಬಂತು" ಎಂದರು. ಹಿಂದೆ ಕುಳಿತವರು ಅಲ್ಲಾಡಲಿಲ್ಲ.

"ಇನ್ನೂ ಎರಡು ಗೆರಿ ಅದಾವಲ್ಲ. ಡಿಪೋ ತನಕ ಒಂದು ಸುತ್ತು ಹೊಡಿ."

ಹಂಚನ್ನು ಚನ್ನಬಸಪ್ಪನ ಕೈಗೆ ಕೊಟ್ಟು ಸುಂದರಾಬಾಯಿ ಗಾಡಿ ತಿರುಗಿಸಿದರು.