ಕೆಟ್ಟರೆ ಕೆಳಗಿಳಿಯುವ ವೋಲ್ಟು

ನಮ್ಮ ಮನೆಗೆ ಬಂದ ಯಾವ ನಾಬೂ ನನ್ನ ಅತ್ತೆಯ ಕೈಯಲ್ಲಿ ಬಾಳಿಕೆ ಬಂದಿಲ್ಲ. ರೇಡಿಯೋದ್ದು, ಒಲೆಯದ್ದು, ಫ್ಯಾನಿನದ್ದು, ಒಂದೊಂದಾಗಿ ಎಲ್ಲವೂ ಕಿತ್ತು ಅವರ ಅಂಗೈಗೆ ಬಂದಿವೆ. ಯಾರ ಮೇಲೂ ಕೋಪವಿಲ್ಲ. ಕೈ ಸ್ವಲ್ಪ ಜೋರು, ಅಷ್ಟೆ. ನಮ್ಮ ಯಜಮಾನರು ಬಟ್ಟೆ ಹೊಲಿಯುವವರು. ತಮ್ಮ ಹೊಲಿಗೆ ಯಂತ್ರವನ್ನು ಹೆತ್ತ ತಾಯಿಯ ಕಣ್ಣಿಗೆ ಬೀಳದ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಹಾಗಾಗಿ ನಾನು ಬೇಕಾದಷ್ಟು ವೋಲ್ಟು ಕೊಡುವ ಹೊಸ ಪವರ್ ಸಪ್ಲೈ ಡಬ್ಬಿ ಮಾಡಿದಾಗ ಅದನ್ನು ಮೊಟ್ಟಮೊದಲು ಕೊಟ್ಟದ್ದು ಅತ್ತೆಯ ಕೈಗೇ.

ಮಾಡಬೇಕಾಗಿ ಬಂದ ಕಾರಣ ಹೇಳುತ್ತೇನೆ. ನಾನು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪಾಠ ಹೇಳುವವಳು. ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ನಿಜವೇ. ಆದರೆ ನಮ್ಮ ಲ್ಯಾಬಿನ ಹಳೆಯ ಸಪ್ಲೈಗಳನ್ನು ನೋಡಿದರೆ ಋಷಿಗೂ ಸಿಟ್ಟು ಬರುತ್ತದೆ. ಐದು ವೋಲ್ಟಿಗೆ ಇಟ್ಟು ಆಚೆ ತಿರುಗುವಷ್ಟರಲ್ಲಿ ನಾಬಿನೊಳಗೆ ಗರಗರ ಸದ್ದಾಗಿ ಮೀಟರಿನ ಮುಳ್ಳು ಮೇಲಕ್ಕೆ ಹಾರುತ್ತದೆ. ವಿದ್ಯಾರ್ಥಿಯ ಸರ್ಕ್ಯೂಟ್ ಬೋರ್ಡಿನಿಂದ ಸಣ್ಣಗೆ ಹೊಗೆ, ಸುಟ್ಟ ವಾಸನೆ, ಆಮೇಲೆ ಅಳು. ಅಷ್ಟು ಸಾಲದೆಂಬಂತೆ, ನೋಡಿಕೊಂಡು ತಿರುಗಿಸಬಾರದಿತ್ತೇ ಎಂದು ಆ ಮಗುವಿಗೇ ಬೈಗುಳ.

ಕೊನೆಗೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು.

"ಮೇಡಂ, ಈ ಗೋಳು ಸಾಕು. ಹೊಸ ಸಪ್ಲೈ ತರಿಸಿಬಿಡೋಣ. ಸೀಲ್ ಮಾಡಿರೋದು. ಐದು ವೋಲ್ಟ್ ಅಂದ್ರೆ ಐದೇ. ಯಾರೂ ತಿರುಗಿಸೋಹಾಗಿಲ್ಲ, ಬಿಚ್ಚೋಹಾಗಿಲ್ಲ."

"ಬಿಚ್ಚದೆ, ತಿರುಗಿಸದೆ ಇವರು ಕಲಿಯೋದೇನು ಸರ್? ಸ್ವಿಚ್ ಒತ್ತೋದನ್ನಾ? ಒಬ್ಬೊಬ್ಬರೂ ತಮ್ಮ ಸಪ್ಲೈ ತಾವೇ ಮಾಡ್ಕೊಳ್ಳಲಿ. ಡಿಸೈನ್ ನಾನು ಕೊಡ್ತೀನಿ. ಖರ್ಚು ನೀವು ನಗೋಷ್ಟು ಕಡಿಮೆ ಇರುತ್ತೆ."

ಅವರು ಕನ್ನಡಕ ತೆಗೆದು ಒರೆಸಿದರು. ಮನುಷ್ಯ ಒಳ್ಳೆಯವರು, ಆದರೆ ಸುಟ್ಟ ಬೋರ್ಡುಗಳಿಗೆ ಉತ್ತರ ಕೊಟ್ಟು ಕೊಟ್ಟು ಹೈರಾಣಾಗಿದ್ದರು.

"ಸರಿ, ಸೋಮವಾರ ತೋರಿಸಿ. ನನ್ನ ಕಣ್ಣ ಮುಂದೆ ಒಂದೇ ಒಂದು ಬೋರ್ಡ್ ಸುಟ್ಟರೂ ಸೀಲ್ ಮಾಡಿದ್ದೇ ಬರುತ್ತೆ. ಆಮೇಲೆ ನೀವು ಬೇಜಾರು ಮಾಡ್ಕೋಬಾರದು."

ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಇಂಥ ಪೆಟ್ಟಿಗೆ ನನಗೆ ನೀರು ಕುಡಿದಷ್ಟು ಸುಲಭ. ಕೆಟ್ಟುಹೋದ ಲ್ಯಾಪ್‌ಟಾಪುಗಳ ಚಾರ್ಜರು ಎಲ್ಲರ ಮನೆಯ ಡ್ರಾಯರಿನಲ್ಲೂ ಅನಾಥವಾಗಿ ಬಿದ್ದಿರುತ್ತದೆ. ಅದರಿಂದ ಹತ್ತೊಂಬತ್ತು ವೋಲ್ಟ್ ಸಿಗುತ್ತದೆ. ಗೋಡೆಯ ಕರೆಂಟಿಗೆ ಮಕ್ಕಳು ಕೈಹಾಕುವ ಪ್ರಮೇಯವೇ ಇಲ್ಲ. ಅದನ್ನು ಬೇಕಾದಷ್ಟಕ್ಕೆ ಇಳಿಸಿ ಹಿಡಿದಿಡಲು ಮೂರು ಕಾಲಿನ ಒಂದು ರೆಗ್ಯುಲೇಟರ್, ಅದರ ಬಿಸಿ ಹೀರಲು ಅಲ್ಯೂಮಿನಿಯಂ ಪಟ್ಟಿ, ಎರಡು ಮೂರು ರೆಸಿಸ್ಟರು, ಒಂದು ನಾಬು, ಒಂದು ಪುಟ್ಟ ಮೀಟರು. ಎಲ್ಲವೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತವು. ಎಲ್ಲ ಪುಸ್ತಕಗಳಲ್ಲೂ ಇರುವ ಸರ್ಕ್ಯೂಟೇ. ನಾಬು ತಿರುಗಿಸಿದರೆ ವೋಲ್ಟು ಬೆಣ್ಣೆಯಂತೆ ಏರಿತು, ಇಳಿಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆರು ವೋಲ್ಟಿಗೆ ಇಟ್ಟು, ನಾಬಿನ ಪಕ್ಕ ಅಲ್ಲೊಂದು ಗೆರೆ ಎಳೆದು, ಒಂದು ಸಣ್ಣ ಬಲ್ಬು ಸಿಕ್ಕಿಸಿ, ಡಬ್ಬಿಯನ್ನು ಅತ್ತೆಯ ಮುಂದಿಟ್ಟೆ.

"ಅತ್ತೆ, ಇದನ್ನ ಈ ಗೆರೆ ದಾಟಿಸದೆ ಆಚೆ ಈಚೆ ತಿರುಗಿಸ್ತಾ ಇರಿ."

"ಎಷ್ಟು ಹೊತ್ತು?"

"ಕೈ ನೋಯೋವರೆಗೂ."

"ನನ್ನ ಕೈ ನೋಯುತ್ತಾ? ಸರಿ ಹೇಳ್ದೆ," ಎಂದು ಅವರು ಟೀವಿ ಮುಂದೆ ಕೂತರು.

ಧಾರಾವಾಹಿಯಲ್ಲಿ ಯಾರೋ ಯಾರಿಗೋ ಮೋಸ ಮಾಡಿದಾಗಲೆಲ್ಲ ನಾಬಿನ ಮೇಲೆ ಅತ್ತೆಯ ಸಿಟ್ಟು ಬೀಳುತ್ತಿತ್ತು. ಎರಡು ದಿನ ಡಬ್ಬಿ ಕಮಕ್ ಕಿಮಕ್ ಅನ್ನಲಿಲ್ಲ. ಮೂರನೆಯ ದಿನ ಸಂಜೆ ಅವರು ಡಬ್ಬಿಯ ಗೊಡವೆ ಬಿಟ್ಟು ಸೊಪ್ಪು ಬಿಡಿಸುತ್ತಿದ್ದಾಗ, ತಣ್ಣಗೆ ಉರಿಯುತ್ತಿದ್ದ ಬಲ್ಬು ಫಳ್ಳೆಂದು ಬೆಳಗಿ ಆರಿಹೋಯಿತು. ಮೀಟರಿನಲ್ಲಿ ಹದಿಮೂರು ವೋಲ್ಟು.

"ನಾನು ಮುಟ್ಟೇ ಇಲ್ಲ!" ಎಂದರು ಅತ್ತೆ, ಸೊಪ್ಪಿನ ಕೈ ಮೇಲೆತ್ತಿ.

"ಮೂರು ದಿನದಿಂದ ಅದರ ಕತ್ತು ಹಿಸುಕಿದ್ದೀರಲ್ಲ!" ಎಂದೆ. ಬಾಯಿಂದ ಮಾತು ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕೊಟ್ಟವಳೂ ನಾನೇ, ಬೈದವಳೂ ನಾನೇ.

ಅತ್ತೆ ಬೇಸರಿಸಿಕೊಳ್ಳಲಿಲ್ಲ. "ಅಲ್ವೇ, ಒಲೆಯ ನಾಬ್ ಕೆಟ್ಟಾಗ ಉರಿ ಆರಿತ್ತು. ಫ್ಯಾನಿಂದು ಕೆಟ್ಟಾಗ ಫ್ಯಾನ್ ನಿಂತಿತ್ತು. ನಿಂದು ಮಾತ್ರ ಯಾಕೆ ಕೆಟ್ಟ ಮೇಲೆ ಕುಣಿಯುತ್ತೆ?" ಎಂದು ಸೊಪ್ಪಿಗೆ ಮರಳಿದರು.

ನಾನು ನಾಬನ್ನು ಬಿಚ್ಚಿದೆ. ಒಳಗೆ ಒಂದು ಕಪ್ಪು ಪಟ್ಟಿ, ಅದರ ಮೇಲೆ ಜಾರುವ ತಗಡಿನ ಪುಟ್ಟ ನಾಲಿಗೆ. ಸವೆದು ಸವೆದು ಆ ನಾಲಿಗೆ ಪಟ್ಟಿಯಿಂದ ಮೇಲೆದ್ದಿತ್ತು. ಅದು ಎದ್ದರೆ ಇಡೀ ಪಟ್ಟಿಯ ತಡೆ, ಅಂದರೆ ರೆಸಿಸ್ಟೆನ್ಸು, ಸರ್ಕ್ಯೂಟಿಗೆ ಸೇರುತ್ತದೆ. ನಮ್ಮ ಪುಸ್ತಕಗಳ ಸರ್ಕ್ಯೂಟಿನಲ್ಲಿ ತಡೆ ಹೆಚ್ಚಿದರೆ ವೋಲ್ಟೂ ಹೆಚ್ಚು. ಲ್ಯಾಬಿನ ಹಳೆಯ ಸಪ್ಲೈಗಳ ರೋಗವೂ ಇದೇ. ಇಷ್ಟು ವರ್ಷ ಅದೇ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದವಳು ನಾನು, ಒಮ್ಮೆಯೂ ಅತ್ತೆಯ ಹಾಗೆ ಕೇಳಿರಲಿಲ್ಲ. ನಾಚಿಕೆಯೇನೂ ಆಗಲಿಲ್ಲ, ಕೈ ತುರಿಸಿತು.

ರೆಗ್ಯುಲೇಟರಿಗೆ ಬೇಕಾದ್ದು ಎರಡು ತಡೆ, ಚಿತ್ರದಲ್ಲಿ ಮೇಲೊಂದು, ಕೆಳಗೊಂದು. ಎಲ್ಲರೂ ನಾಬನ್ನು ಕೆಳಗೆ ಹಾಕುತ್ತಾರೆ. ನಾನು ಅದನ್ನು ಕಿತ್ತು ಮೇಲೆ ಹಾಕಿದೆ. ಅಲ್ಲಿ ಎಲ್ಲ ತಿರುಗುಮುರುಗು: ತಡೆ ಹೆಚ್ಚಿದರೆ ವೋಲ್ಟು ಕಡಿಮೆ. ಈಗ ನಾಲಿಗೆ ಎದ್ದರೂ, ಅದರ ತಂತಿ ಹರಿದರೂ ವೋಲ್ಟು ಎರಡೂವರೆಯ ಆಸುಪಾಸಿಗೆ ಇಳಿದು ಕೂರುತ್ತದೆ.

ಇದಕ್ಕೊಂದು ದಂಡ ತೆರಬೇಕಾಯಿತು. ನಾಬಿನ ಸುತ್ತ ಅಂಕಿ ಬರೆಯಲು ಹೋದರೆ ಮೂರರಿಂದ ಐದರವರೆಗೆ ಮೈದಾನದಷ್ಟು ಜಾಗ. ಒಂಬತ್ತು, ಹತ್ತು, ಹನ್ನೆರಡು ಎಲ್ಲವೂ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರಂತೆ ಒಂದೇ ಮೂಲೆಯಲ್ಲಿ. ನಮ್ಮ ಯಜಮಾನರು ಬಂದು ನೋಡಿ, "ಈ ಅಳತೆಗೆ ನಾನು ಅಂಗಿ ಹೊಲಿದ್ರೆ ಗಿರಾಕಿ ನನ್ನ ಹೊಲೀತಾನೆ," ಎಂದರು. ಇರಲಿ. ಮಕ್ಕಳ ಬೋರ್ಡುಗಳು ಓಡುವುದು ಮೂರರಿಂದ ಐದರ ನಡುವೆಯೇ.

ಸೋಮವಾರ ಲ್ಯಾಬಿನಲ್ಲಿ ಇಡೀ ತರಗತಿ ಸೇರಿತ್ತು. ಅಂಕಿಗಳನ್ನು ನೋಡುತ್ತಿದ್ದಂತೆಯೇ ಮುಖ್ಯಸ್ಥರ ಹುಬ್ಬು ಗಂಟಿಕ್ಕಿತು.

"ಏನ್ ಮೇಡಂ ಇದು? ನಾಬ್ ತಪ್ಪು ಜಾಗದಲ್ಲಿ ಹಾಕಿದ್ದೀರಾ?"

"ಬೇಕು ಅಂತಲೇ ಹಾಕಿದ್ದೀನಿ ಸರ್. ನಾಬ್ ಕೆಟ್ಟರೆ ವೋಲ್ಟು ಬೀಳುತ್ತೆ, ಏರಲ್ಲ." ನಾನು ಬಲ್ಬು ಸಿಕ್ಕಿಸಿ, ವೈರ್ ಕಟರನ್ನು ಅವರ ಕೈಗೆ ಕೊಟ್ಟೆ. "ನಾಲಿಗೆಯಿಂದ ಬರೋ ಈ ತಂತಿ ಕತ್ತರಿಸಿ ನೋಡಿ."

"ಬಲ್ಬ್ ಸುಟ್ಟರೆ ಯಾರೂ ಅಳಲ್ಲ ಮೇಡಂ. ನಿಜವಾದ ಬೋರ್ಡ್ ಇಡಿ. ಆಗ ಕತ್ತರಿಸ್ತೀನಿ."

ಯಾರು ತಾನೇ ತಮ್ಮ ಬೋರ್ಡು ಕೊಟ್ಟಾರು? ಲ್ಯಾಬಿನ ಬೋರ್ಡು ತರೋಣವೆಂದು ನಾನು ಕಪಾಟಿನ ಕಡೆ ಹೊರಟಿದ್ದೆ. ಆಗ ಹಿಂದಿನ ಬೆಂಚಿನಿಂದ "ಯಾಕಮ್ಮ" ಎದ್ದು ಬಂದಳು. ಮಾತಿಗೆ ಮೊದಲು ಯಾಕೆ ಎನ್ನುವುದರಿಂದ ಗೆಳತಿಯರು ಇಟ್ಟ ಹೆಸರು. ಅವಳ ಮೊದಲ ಬೋರ್ಡು ಇದೇ ಲ್ಯಾಬಿನಲ್ಲಿ ಹೊಗೆಯಾಗಿತ್ತು. ಈಗಿನದು ಎರಡನೆಯದು, ಮೂರನೆಯದು ಕೇಳಬೇಡ ಎಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಅದನ್ನು ತಂದು ಡಬ್ಬಿಯ ಪಕ್ಕದಲ್ಲಿಟ್ಟಳು.

"ನಂದು ಇಡಿ ಮೇಡಂ."

"ಬೇಡ ಕಣೇ," ಎಂದೆ. ಡಿಸೈನಿನ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಆ ಬೋರ್ಡನ್ನು ಅವಳ ಕಡೆಗೇ ಸರಿಸಿದೆ.

"ಇಡಿ ಮೇಡಂ, ಏನೂ ಆಗಲ್ಲ."

ಐದು ವೋಲ್ಟಿಗೆ ಹೊಂದಿಸಿ ಸಿಕ್ಕಿಸಿದಳು. ಬೋರ್ಡಿನ ಹಸಿರು ದೀಪ ಹೊತ್ತಿತು. ಮುಖ್ಯಸ್ಥರು ಕಟರ್ ಹಿಡಿದು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ತಂತಿ ಕತ್ತರಿಸಿದರು.

ಮೀಟರು ಎರಡೂವರೆಗೆ ಇಳಿಯಿತು. ಹಸಿರು ದೀಪ ಮಂಕಾಗಿ ಆರಿತು. ಹೊಗೆಯಿಲ್ಲ, ವಾಸನೆಯಿಲ್ಲ. ನಾನು ತಂತಿಯನ್ನು ಮತ್ತೆ ಬೆಸೆದೆ. ಮೀಟರು ಐದಕ್ಕೆ ಬಂತು, ದೀಪ ಹೊತ್ತಿತು, ಬೋರ್ಡು ಏನೂ ಆಗಿಲ್ಲವೆಂಬಂತೆ ಕೆಲಸ ಶುರುಮಾಡಿತು. ಹುಡುಗಿಯರು ಬೆಂಚು ಕುಟ್ಟಿದರು.

ಮುಖ್ಯಸ್ಥರು ಕಟರನ್ನು ಕೆಳಗಿಟ್ಟು ಅವಳನ್ನು ಕೇಳಿದರು: "ಮೇಡಂ ಮೇಲೆ ಅಷ್ಟೊಂದು ನಂಬಿಕೆನಾ?"

"ಮೇಡಂ ಮೇಲೆ ಅಲ್ಲ ಸರ್," ಎಂದಳು ಯಾಕಮ್ಮ. ನನ್ನ ಮುಖ ಸಣ್ಣದಾಯಿತು. "ನೀವು ಬರೋದಕ್ಕೆ ಮುಂಚೆ ಮುಚ್ಚಳ ತೆಗೆದು ನೋಡಿದೆ. ನಾಬ್ ಯಾಕೆ ಮೇಲಿದೆ ಅನ್ನಿಸ್ತು, ಲೆಕ್ಕ ಹಾಕಿದೆ. ತಂತಿ ಹೋದ್ರೆ ಎರಡೂವರೆ ವೋಲ್ಟ್ ಬರುತ್ತೆ ಅಂತ ಬಂತು. ಅದಕ್ಕೇ ಇಟ್ಟೆ."

ಮುಖ್ಯಸ್ಥರು ಮೊಬೈಲ್ ತೆಗೆದು ಆಫೀಸಿಗೆ ಫೋನ್ ಮಾಡಿ, "ಆ ಸೀಲ್ ಮಾಡಿರೋ ಸಪ್ಲೈ ಆರ್ಡರ್ ಕಳಿಸಬೇಡಿ," ಎಂದರು.