ತಮ್ಮನ ಕಾರಿನ ಬೆಲ್ಟು

ತಮ್ಮನ ದೇಹ ನಡುಮನೆಯಲ್ಲಿ ಮಲಗಿರುವಾಗ ಅಣ್ಣ ಹೊರಗೆ ಅವನ ಕಾರಿನ ಬಾನೆಟ್ ಎತ್ತಿ ನಿಂತಿದ್ದ. ಒಂದು ಕೈ ನೋಯುವ ಸೊಂಟದ ಮೇಲೆ, ಇನ್ನೊಂದರಲ್ಲಿ ಸ್ಪ್ಯಾನರ್. ಬಂದವರು ನೋಡಿಯೂ ನೋಡದಂತೆ ಒಳಗೆ ಹೋದರು. ಗ್ಯಾರೇಜಿನ ಮೇಸ್ತ್ರಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದ್ದು ಅವನ ಕಿವಿಗೂ ಬಿತ್ತು.

ಸುದ್ದಿ ಬಂದದ್ದು ಹಿಂದಿನ ದಿನ ಮಧ್ಯಾಹ್ನ. ಬಾಡಿಗೆ ಕಾರು ಓಡಿಸುತ್ತಿದ್ದ ತಮ್ಮ, ಜನರನ್ನು ಇಳಿಸಿ ಒಬ್ಬನೇ ಮರಳುವಾಗ ಏರುದಾರಿಯ ಬದಿಯಲ್ಲಿ, ಕಾರಿನ ಪಕ್ಕದಲ್ಲೇ ಬಿದ್ದಿದ್ದ. ಹೃದಯ ನಿಂತಿದೆ ಎಂದರು ಡಾಕ್ಟರು. ಅಣ್ಣ ಅದನ್ನು ಹೇಗೋ ನುಂಗಿಕೊಂಡಿದ್ದ. ಆದರೆ ಇಂದು ಬೆಳಿಗ್ಗೆ ಕಾರನ್ನು ಹಗ್ಗ ಕಟ್ಟಿ ಎಳೆದು ತಂದ ಲಾರಿಯವನು, ಇದು ಸ್ಟಾರ್ಟೇ ಆಗಲಿಲ್ಲ, ಪಾಪ, ಆ ಏರಲ್ಲಿ ಒಬ್ಬನೇ ತಳ್ಳಿದನೋ ಏನೋ ಎಂದುಬಿಟ್ಟ. ಆಗಿನಿಂದ ಅಣ್ಣನ ಕಣ್ಣಲ್ಲಿ ನೀರಿಲ್ಲ, ಬಾಯಲ್ಲಿ ದೇವರ ಹೆಸರಿಲ್ಲ.

*

ಬೇಸಿಗೆಗೆ ಮುಂಚೆ ತಮ್ಮ ಆಯಿಲ್ ಬದಲಿಸಲು ಅಣ್ಣನ ಗ್ಯಾರೇಜಿಗೆ ಬಂದಿದ್ದ. ಊರೆಲ್ಲ ಅವನನ್ನು ನಿಧಾನಿ ಎನ್ನುತ್ತಿತ್ತು. ಹಿಂದಿನವನು ಹಾರನ್ ಹೊಡೆದರೆ ಬದಿಗೆ ಸರಿದು, ನಗುತ್ತ ಕೈಬೀಸಿ ಕಳಿಸುವ ಜೀವ. ಟೈಮಿಂಗ್ ಬೆಲ್ಟಿಗೆ ಕಾಲ ಬಂದಿದೆ, ಅದು ಹರಿದರೆ ಎಂಜಿನ್ನೇ ನಿಂತುಹೋಗುತ್ತೆ, ಬದಲಿಸೋಣ ಎಂದ ಅಣ್ಣ.

"ಓಡಿದ್ದೇ ಕಡಿಮೆ ಅಣ್ಣ. ಓಡದ ಬೆಲ್ಟು ಹೇಗೆ ಸವೆಯುತ್ತೆ?"

"ನಾನೂ ಎಲ್ಲೂ ಓಡಿಲ್ಲ, ಇಲ್ಲೇ ಕೂತಿದ್ದೀನಿ. ಸವೆದಿಲ್ವೇನೋ? ರಬ್ಬರಿಗೂ ವಯಸ್ಸಾಗುತ್ತೆ ಕಣೋ. ಹರಿಯೋ ಮುಂಚೆ ಅದೇನೂ ಕೂಗಿ ಹೇಳಲ್ಲ."

ತಮ್ಮ ನಕ್ಕು, ಆಮೇಲೆ ನೋಡೋಣ ಎಂದ. ಅಣ್ಣನಿಗೆ ಪಿತ್ತ ನೆತ್ತಿಗೇರಿತು.

"ಬೇಡ ಬಿಡು. ಏರಲ್ಲಿ ಕೈಕೊಟ್ಟಾಗ ಒಬ್ಬನೇ ತಳ್ಕೊಂಡು ಬಾ, ಬುದ್ಧಿ ಬರುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮತ್ತೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

*

ಅಣ್ಣ ಕೊನೆಯ ಬೋಲ್ಟ್ ಬಿಚ್ಚಿ, ಕಣ್ಣು ಮುಚ್ಚಿಕೊಂಡೇ ಬೆಲ್ಟಿನ ಮುಚ್ಚಳ ತೆಗೆದ. ಮೊದಲು ಬೆರಳಿನಿಂದ ಮುಟ್ಟಿದ; ಆಮೇಲೆ ಕಣ್ಣು ಬಿಟ್ಟ. ಬೆಲ್ಟು ಹರಿದಿರಲಿಲ್ಲ. ಅದರ ಹಲ್ಲು ಒಂದೂ ಕಿತ್ತುಹೋಗಿರಲಿಲ್ಲ. ಅದರ ಮೇಲಿನ ಬಿಳಿ ಅಕ್ಷರಗಳು ಕೂಡ ಮಾಸಿರಲಿಲ್ಲ. ಹೊಚ್ಚ ಹೊಸದು, ಆದರೆ ತಾನು ಹಾಕಿದ್ದಲ್ಲ.

ತಮ್ಮನ ಹೆಂಡತಿ ಬಾಗಿಲಿಗೆ ಬಂದು, ಎಲ್ಲರೂ ಕಾಯುತ್ತಿದ್ದಾರೆ ಎಂದಳು.

"ಇದನ್ನ ಯಾರು ಹಾಕಿದ್ದಮ್ಮ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹಿಂದಿನ ಬೀದಿ ಗ್ಯಾರೇಜಲ್ಲಿ ಹಾಕಿಸಿದ್ರು ಭಾವ, ನೀವು ಬೈದ ಮಾರನೇ ದಿನಾನೇ. ಅಣ್ಣನ ಕೈಲಿ ಮಾಡಿಸಿದ್ರೆ ಸೊಂಟ ಹಿಡ್ಕೊಳ್ಳುತ್ತೆ, ಬೇರೆಯವರ ಕೈಲಿ ಅಂದ್ರೆ ಮೂತಿ ಊದಿಸ್ಕೋತಾನೆ, ನೀನು ಬಾಯಿ ಬಿಡಬೇಡ ಅಂದಿದ್ರು."

ಅಣ್ಣ ಕಾರಿನೊಳಗೆ ಬಗ್ಗಿ ನೋಡಿದ. ನಿಂತ ಗಾಡಿಗೆ ಮಿನುಗಿಸುವ ದೀಪದ ಗುಂಡಿ ಇನ್ನೂ ಒತ್ತಿದಂತೆಯೇ ಇತ್ತು. ಅವನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಎದೆ ಹಿಡಿದುಕೊಂಡಾಗ ತಮ್ಮ ಕಾರನ್ನು ಬದಿಗೆ ಸರಿಸಿದ್ದಾನೆ, ಹಿಂದೆ ಬರುವವರಿಗೆಂದು ದೀಪ ಹಾಕಿದ್ದಾನೆ, ಗಾಳಿಗೆಂದು ಕೆಳಗಿಳಿದಿದ್ದಾನೆ. ರಾತ್ರಿಯೆಲ್ಲ ಮಿನುಗಿ ಬ್ಯಾಟರಿ ಬರಿದಾಗಿದೆ, ಅಷ್ಟೇ. ಅವನು ತಳ್ಳಿರಲಿಲ್ಲ.

"ಕಳ್ಳ," ಎಂದ ಅಣ್ಣ. "ನನಗೇ ಟೋಪಿ ಹಾಕಿದ್ದಾನೆ ನೋಡಮ್ಮ." ಬೆಳಗಿನಿಂದ ಬಾರದ ಅಳು ಈಗ ಬಂತು, ಒಡ್ಡು ಒಡೆದ ನೀರಿನ ಹಾಗೆ.

ಒಳಗೆ ಜನ ದಾರಿ ಬಿಟ್ಟರು. ಅವನು ತಮ್ಮನ ತಲೆಯ ಹತ್ತಿರ ಕೂತ. ಕೈತುಂಬ ಕರಿ ಗ್ರೀಸು. ಬಿಳಿ ಬಟ್ಟೆಗೆ ತಾಗೀತೆಂದು ಅಂಗೈಗಳನ್ನು ಎದೆಗೊತ್ತಿ ಜೋಡಿಸಿಕೊಂಡು, ಕೆನ್ನೆಯ ನೀರನ್ನು ಒರೆಸಿಕೊಳ್ಳದೆ, ಬಾಗಿ ಆ ಹಣೆಗೆ ಹಣೆ ಮುಟ್ಟಿಸಿದ.

"ದೇವರೇ, ಇವನು ನಿಧಾನವಾಗಿಯೇ ಬರ್ತಾನೆ. ಬಾಗಿಲು ತೆರೆದಿಟ್ಟಿರು. ಇವನಿಗೆ ಶಾಂತಿ ಕೊಡು."