ಮರಳಿನ ಚೀಲದ ಹಲಸು

ಬೆಳಿಗ್ಗೆ ಐದೂವರೆ. ಮರಳಿನ ಚೀಲಗಳಲ್ಲಿದ್ದ ಸಣ್ಣ ಬೀಜದ ಹಲಸಿನ ಸಸಿಗಳು ಗೊಬ್ಬರದ ಮಣ್ಣಿನ ಸಸಿಗಳಷ್ಟೇ ಎತ್ತರವಾಗಿದ್ದವು.

ಹಾಗಾಗುವಂತಿರಲಿಲ್ಲ. ಎಂ.ಎಸ್ಸಿ. ಪ್ರಬಂಧಕ್ಕೆಂದು ಸುಪ್ರಜಾ 1997ರ ಜೂನ್‌ನಲ್ಲಿ ಮಲ್ಲೇಶ್ವರಂ ಮನೆಯ ತಾರಸಿಯ ಮೇಲೆ ಈ ಬೀಜಗಳನ್ನು ಬಿತ್ತಿದ್ದಳು. ಒಂದೇ ಮರದ ಬೀಜಗಳನ್ನು ತೂಗಿ ದೊಡ್ಡವು, ಸಣ್ಣವು ಎಂದು ಬೇರ್ಪಡಿಸಿ, ಎರಡರಲ್ಲೂ ಅರ್ಧವನ್ನು ಗೊಬ್ಬರ ಬೆರೆಸಿದ ಕೆಂಪು ಮಣ್ಣಿಗೂ ಅರ್ಧವನ್ನು ಬರೀ ಮರಳಿಗೂ ಹಾಕಿದ್ದಳು. ಬೀಜ ದೊಡ್ಡದಾದರೆ ಸಸಿಗೆ ಹೆಚ್ಚು ದಿನದ ಬುತ್ತಿ. ಸಣ್ಣ ಬೀಜದ ಬುತ್ತಿ ಬೇಗ ಮುಗಿಯುತ್ತದೆ. ಮರಳಿನಲ್ಲಿ ಬೇರೆ ಆಹಾರವಿಲ್ಲ. ಆಗಸ್ಟ್‌ನಲ್ಲಿ ಹಳದಿ ಬಣ್ಣಕ್ಕೆ ತಿರುಗಿ ಕುಳಿತಿದ್ದ ಅವೇ ಸಸಿಗಳು ಸೆಪ್ಟೆಂಬರ್ ಕೊನೆಗೆ ದಟ್ಟ ಹಸಿರಾಗಿ ಎದ್ದಿದ್ದವು.

ಹಿಂದಿನ ವಾರ ನೋಡಲು ಬಂದಿದ್ದ ಅವಳ ಗೈಡ್ ಬದರೀನಾರಾಯಣ ಹಿಗ್ಗಿಹೋಗಿದ್ದರು. "ಇದು ಹೊಸ ವಿಷಯ ಕಣಮ್ಮ. ಬರೀರಿ, ಈ ವರ್ಷಾನೇ ಕೊಟ್ಬಿಡಿ."

ಅಂದಿನಿಂದ ಸುಪ್ರಜಾ ರಾತ್ರಿಯೆಲ್ಲ ಬರೆದು, ಹಗಲು ಅರೆನಿದ್ದೆಯಲ್ಲೇ ಓಡಾಡಿದಳು. ಸಂಪಿಗೆ ರಸ್ತೆಯ ಬಸ್ಸುಗಳು ಅವಳ ಕಿವಿಗೆ ಎಲೆಗಳ ಸದ್ದು ಮಾಡುತ್ತಾ ಹೋಗುತ್ತಿದ್ದವು. ಕಣ್ಣು ಮುಚ್ಚಿದರೆ, ಹಲಸಿನ ಬೇರುಗಳು ಗೋಡೆಯಿಳಿದು ಬಚ್ಚಲೊಲೆಯ ಮುಂದೆ ಚಳಿ ಕಾಯಿಸುತ್ತಾ ಕೂತಿರುತ್ತಿದ್ದವು.

ಈ ಬೆಳಿಗ್ಗೆ ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ತಾರಸಿಯ ತುಂಬ ಮಂಜು. ಸಸಿಗಳು ಮೊಣಕಾಲುದ್ದ ಹಾಲಿನಲ್ಲಿ ನಿಂತಂತಿದ್ದವು. ಬಳೆಯ ಸದ್ದಾಯಿತು. ಅಜ್ಜಿ ಕಾವೇರಮ್ಮ ಒದ್ದೆ ಸೀರೆಯಲ್ಲಿ, ಚೊಂಬು ಹಿಡಿದು, ಮಂಜಿನೊಳಗಿಂದ ಬಂದರು. ಕೆಂಪು ಮಣ್ಣಿನ ಚೀಲಗಳತ್ತ ತಿರುಗಿಯೂ ನೋಡದೆ ಮರಳಿನ ಸಣ್ಣ ಸಸಿಗಳ ಬುಡಕ್ಕೆ ಬಗ್ಗಿದರು.

"ಕುಡಿಯೋ ಕಂದ," ಎಂದರು.

"ಅಜ್ಜೀ! ಏನ್ ಹಾಕ್ತಿದೀಯ?" ಸುಪ್ರಜಾ ಚೊಂಬಿಗೆ ಕೈ ಚಾಚಿದಳು.

"ಮುಟ್ಟಬೇಡ ಕಣೇ, ಮಡೀಲಿದೀನಿ. ಅಕ್ಕಿ ತೊಳೆದ ನೀರು, ಸ್ವಲ್ಪ ಸಗಣಿ ಕದಡಿದೀನಿ. ಗುಲಾಬಿಗೆ ಹಾಕಲ್ವೇ?"

"ಯಾವಾಗಿಂದ?"

"ಗೋಕುಲಾಷ್ಟಮಿಯಿಂದ."

"ಎಲ್ಲಕ್ಕೂನಾ?"

"ಆ ದಡಿಯರಿಗ್ಯಾಕೆ? ಅವಕ್ಕೆ ನೀನೇ ಗೊಬ್ಬರ ಸುರಿದಿದೀಯ. ಪಕ್ಕದಲ್ಲೇ ಇವಕ್ಕೆ ಬರೀ ಮರಳು! ಒಂದೇ ಸಾಲಲ್ಲಿ ಕೂರಿಸಿ ಒಬ್ಬರಿಗೆ ತುಪ್ಪ, ಒಬ್ಬರಿಗೆ ಖಾಲಿ ಎಲೆ. ಪಂಕ್ತಿಭೇದ ಮಾಡಬಾರದು ಅಂತ ನಿಮ್ಮ ಕಾಲೇಜಲ್ಲಿ ಹೇಳ್ಕೊಡಲ್ವೇ?"

"ಭೇದ ಮಾಡೋದೇ ನನ್ ಕೆಲಸ ಅಜ್ಜಿ!"

ಕಾವೇರಮ್ಮ ಮೊಮ್ಮಗಳ ಮುಖ ನೋಡಿದರು. "ಕೆಟ್ಟೋಯ್ತೇನೇ?"

"ಹ್ಞೂಂ."

"ಮೇಷ್ಟ್ರಿಗೆ ಹೇಳ್ಲೇಬೇಕಾ? ನಾನಂತೂ ಬಾಯಿ ಬಿಡಲ್ಲಪ್ಪ."

ಸುಪ್ರಜಾ ಮತ್ತೆ ಟ್ಯಾಂಕಿಗೆ ಒರಗಿದಳು. ಸುಮ್ಮನಿದ್ದರೆ ಈ ವರ್ಷವೇ ಪದವಿ, ಗೈಡ್ ಮೆಚ್ಚಿದ ಹೊಸ ವಿಷಯ. ಹೇಳಿದರೆ ಒಂದು ವರ್ಷ ಹೋಯಿತು. ಹಲಸಿನ ಬೀಜ ಒಣಗಿದರೆ ಸಾಯುತ್ತದೆ, ಹೊಸ ಬೀಜ ಸಿಗುವುದು ಮುಂದಿನ ಬೇಸಿಗೆಗೇ. ಮಂಜು ನಿಧಾನವಾಗಿ ಕರಗಿತು. ಸಸಿಗಳೆಲ್ಲ ಒಂದೇ ಎತ್ತರದಲ್ಲಿ, ಊಟಕ್ಕೆ ಕೂತ ಮಕ್ಕಳಂತೆ, ಅವಳತ್ತಲೇ ನೋಡುತ್ತಿರುವಂತಿತ್ತು.

ಹತ್ತು ಗಂಟೆಗೆ ಅವಳು ವಿಭಾಗಕ್ಕೆ ಹೋಗಿ ಬದರೀನಾರಾಯಣರಿಗೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು.

"ಮುಂದಿನ ಸಲ ಬಿತ್ತೋ ಮುಂಚೆ," ಎಂದರು, "ನಿಮ್ಮಜ್ಜೀನ ಕಾಶಿಗೆ ಕಳಿಸ್ಬಿಡಿ."

ಸುಪ್ರಜಾ ಆ ವರ್ಷ ಪ್ರಬಂಧ ಸಲ್ಲಿಸಲಿಲ್ಲ. 1998ರ ಜೂನ್‌ನಲ್ಲಿ ಮತ್ತೆ ಬಿತ್ತಿದಳು. ಮರಳಿನಲ್ಲಿ ಸಣ್ಣ ಬೀಜದ ಸಸಿಗಳು ಒಂದು ಗೇಣು ದಾಟಲಿಲ್ಲ.